ರಾತ್ರಿ ಕಮ್ಮಿಯಾಗುವ ಶಬ್ದ

ಟೊಮೆಟೊ ಸೀಸನ್ ಜೋರಾಗಿದ್ದ ಸಮಯ. ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗ ತನ್ನ ಪಿಕಪ್ ಗಾಡಿಯನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿದ. ಇಂಜಿನ್ ಆಫ್ ಮಾಡಲಿಲ್ಲ. ಕೆಳಗಿಳಿದು, ಬಾನೆಟ್ ಎತ್ತಿ, "ಕೇಳಿ ಸಾರ್" ಅಂದು ಪಕ್ಕಕ್ಕೆ ನಿಂತ. ಮುಂಭಾಗದಿಂದ ಕಟಕಟಕಟ ಅಂತ ಶಬ್ದ. ಸ್ವಲ್ಪ ರೇಸ್ ಮಾಡಿದರೆ ಮಾಯ. ಕಾಲು ತೆಗೆದು ಐಡ್ಲಿಂಗಿಗೆ ಬಂದ ಕೂಡಲೇ ಮತ್ತೆ ಹಾಜರ್.

"ಮೂರು ಕಡೆ ತೋರಿಸ್ದೆ ಸಾರ್. ಒಬ್ರು ಬಿಗ್ ಎಂಡ್ ಅಂದ್ರು, ಒಬ್ರು ನಾಝಲ್ ಅಂದ್ರು, ಇನ್ನೊಬ್ರು ಟೈಮಿಂಗ್ ಚೈನ್ ಅಂದ್ರು. ನಾನು ಯಾರ ಮಾತು ಕೇಳ್ಲಿ?"

ಮೊದಲನೆಯವರು ಇಂಜಿನ್ನಿನ ತಳದ ಆಯಿಲ್ ಚೇಂಬರ್ ಇಳಿಸಿ, ಪಿಸ್ಟನ್ನಿನ ರಾಡು ತಿರುಗುವ ಕ್ರ್ಯಾಂಕ್ ದಂಡಕ್ಕೆ ಸೇರುವ ಕಡೆಯ ಬೇರಿಂಗ್, ಅಂದರೆ ಬಿಗ್ ಎಂಡ್, ತೆಗೆದು ನೋಡಿದ್ದರು. ಬೇರಿಂಗ್ ಚೆನ್ನಾಗಿತ್ತು. ಎರಡನೆಯವರು ಡೀಸೆಲ್ ಸಿಂಪಡಿಸುವ ನಾಲ್ಕೂ ನಾಝಲ್ ಬಿಚ್ಚಿ ಟೆಸ್ಟಿಂಗಿಗೆ ಕಳಿಸಿದ್ದರು. ನಾಝಲ್ ಕೂಡ ಸರಿಯಿದ್ದವು. ಮೂರನೆಯವರು ಹಾಫ್ ಇಂಜಿನ್ ಕೆಲಸ, ಅಂದರೆ ಅರ್ಧ ಇಂಜಿನ್ ಬಿಚ್ಚುವ ಕೆಲಸ, 80,000 ರೂಪಾಯಿ ಅಂತ ಹೇಳಿ ಕಳಿಸಿದ್ದರು. ಅಷ್ಟರಲ್ಲಿ 15 ದಿನ ಕಳೆದಿತ್ತು. ಗಾಡಿ ಸಾಲದ್ದು. ಕೋಲಾರದ ಎಪಿಎಂಸಿಗೆ 15 ಕೆಜಿ ಕ್ರೇಟುಗಳನ್ನು ಹರಾಜಿನ ಹೊತ್ತಿಗೆ ಮುಟ್ಟಿಸುವ ಕೆಲಸ ಅವನದು. ಆ ಹೊತ್ತು ತಪ್ಪಿಸುವ ಗಾಡಿಗೆ ರೈತರು ಮತ್ತೆ ಫೋನ್ ಮಾಡುವುದಿಲ್ಲ.

ನಾನು ಇಂಜಿನ್ ಮುಟ್ಟಲಿಲ್ಲ. ಅವನನ್ನು ಕೂರಿಸಿ ಕೇಳಿದೆ: ಯಾವಾಗ ಶುರುವಾಯಿತು, ಯಾವಾಗ ಜಾಸ್ತಿ, ಯಾವಾಗ ಕಮ್ಮಿ? ಅವನು ಒಂದು ವಿಚಿತ್ರ ಮಾತು ಹೇಳಿದ. "ರಾತ್ರಿ ಕಮ್ಮಿ ಆಗುತ್ತೆ ಸಾರ್."

ರಾತ್ರಿ ಊರೆಲ್ಲ ನಿಶ್ಶಬ್ದವಾಗಿರುವಾಗ ಶಬ್ದ ಹೆಚ್ಚು ಕೇಳಬೇಕು, ಕಮ್ಮಿ ಹೇಗಾಗುತ್ತದೆ? ಈ ಮಾತನ್ನು ಮೂವರಿಗೂ ಹೇಳಿದ್ದನಂತೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವನ ಕೈಯಲ್ಲಿದ್ದ ಜಾಬ್ ಕಾರ್ಡ್ ನೋಡಿದೆ. ಅದರಲ್ಲಿ ಇದ್ದದ್ದು ಎರಡೇ ಪದ: 'ಇಂಜಿನ್ ನಾಯ್ಸ್'. ಆ ಗಾಡಿಯ ರೋಗ ಇದ್ದದ್ದು 'ರಾತ್ರಿ ಕಮ್ಮಿ' ಅನ್ನುವ ಮಾತಿನಲ್ಲೇ. ಏನದು ಅಂತ ಆಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ನೀವೂ ಯೋಚಿಸುತ್ತಿರಿ.

ಜಾಬ್ ಕಾರ್ಡಿನ ವಿಷಯ ಬಂದಿದ್ದರಿಂದ ಇದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಭಾಷೆಯಲ್ಲಿ ಶಬ್ದಕ್ಕೆ ಎಷ್ಟು ಪದಗಳಿವೆ ನೋಡಿ. ಓದು ಬರಹ ಇಲ್ಲದ ಚಾಲಕರೂ ಅವನ್ನು ಸರಿಯಾಗಿ ಬಳಸುತ್ತಾರೆ. ಟಿಕ್ ಟಿಕ್ ಅಂದರೆ ಹಗುರವಾದ ಪೆಟ್ಟು, ಸಣ್ಣ ವಸ್ತು: ವಾಲ್ವ್ ತೆರೆಯುವ ಟ್ಯಾಪೆಟ್ಟಿನ ಸಂದು ಜಾಸ್ತಿಯಾದಾಗ ಬರುವುದು. ದಡ್ ದಡ್ ಅಂದರೆ ತೂಕದ ವಸ್ತು, ಆಳದಲ್ಲಿದೆ: ಕ್ರ್ಯಾಂಕನ್ನು ಹೊತ್ತ ಮೇನ್ ಬೇರಿಂಗ್ ಹೋದಾಗ ಹೀಗಿರುತ್ತದೆ. ಖಣಖಣ ಅಂದರೆ ತೆಳುವಾದ ತಗಡು. ಗಲಗಲ ಅಂದರೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ, ಒಂದಕ್ಕಿಂತ ಹೆಚ್ಚು ವಸ್ತು ಸಡಿಲ: ಕ್ರ್ಯಾಂಕಿನಿಂದ ವಾಲ್ವುಗಳನ್ನು ಓಡಿಸುವ ಟೈಮಿಂಗ್ ಚೈನ್ ಇರಬಹುದು, ಕ್ಲಚ್ ಪ್ಲೇಟಿನ ಸ್ಪ್ರಿಂಗುಗಳಿರಬಹುದು. ಗರಗರ ಅಂದರೆ ಗುಂಡು ಸವೆದ ಬೇರಿಂಗ್, ಏನೋ ಉರುಳುತ್ತಿದೆ. ಚಸ್ ಚಸ್ ಅಂದರೆ ಲೋಹವೇ ಅಲ್ಲ, ಎಲ್ಲಿಂದಲೋ ಹೊಗೆ ತಪ್ಪಿಸಿಕೊಳ್ಳುತ್ತಿದೆ. ಇಷ್ಟೊಂದು ವಿಷಯವನ್ನು 'ನಾಯ್ಸ್' ಎಂಬ ಒಂದೇ ಪದಕ್ಕೆ ಇಳಿಸಿಬಿಟ್ಟರೆ, ಗಾಡಿ ತಂದವನು ಕೊಟ್ಟ ಮಾಹಿತಿಯಲ್ಲಿ ಅರ್ಧ ನಾವೇ ಎಸೆದ ಹಾಗಾಯಿತು. ಇಲ್ಲಿ ಐಟಿಐ ಓದುತ್ತಿರುವವರಿಗೆ ನನ್ನ ವಿನಂತಿ: ಚಾಲಕ ಬಾಯಲ್ಲಿ ಮಾಡಿ ತೋರಿಸಿದ ಶಬ್ದವನ್ನೇ, ಅದೇ ಅಕ್ಷರಗಳಲ್ಲಿ ಕಾರ್ಡಿನಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ.

ಪದ ಒಂದರಿಂದಲೇ ತೀರ್ಮಾನ ಮಾಡುವ ಹಾಗಿಲ್ಲ. ಯಾಕೆ ಅಂತ ಈಗಲೇ ತೋರಿಸುತ್ತೇನೆ. ನಿಮ್ಮ ಮುಂದಿನ ಉದ್ದನೆಯ ಬೆಂಚಿನ ಒಂದು ತುದಿಗೆ ಕಿವಿ ಒತ್ತಿ ಇಡಿ. ಇನ್ನೊಂದು ತುದಿಯಲ್ಲಿ ಕೂತವರು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಪಕ್ಕದಲ್ಲೇ ಕೆರೆದ ಹಾಗೆ ಕೇಳುತ್ತದೆ, ಅಲ್ಲವೇ? ಈಗ ಕಿವಿ ಎತ್ತಿ ಕೇಳಿ. ಏನೂ ಇಲ್ಲ. ಗಟ್ಟಿ ವಸ್ತುವಿನಲ್ಲಿ ಶಬ್ದ ಹಾಗೆ ಹರಿಯುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಶಬ್ದ ಉಕ್ಕಿನಲ್ಲಿ 5000 ಮೀಟರಿಗೂ ಹೆಚ್ಚು ಹೋಗುತ್ತದೆ. ಇಂಜಿನ್ ಅಂದರೆ ಒಂದಕ್ಕೊಂದು ಬಿಗಿದ ಲೋಹದ ಗಡ್ಡೆ. ಹಿಂದೆ ಕ್ರ್ಯಾಂಕಿನ ತುದಿಯ ಭಾರದ ಚಕ್ರ, ಅಂದರೆ ಫ್ಲೈವೀಲಿನ ಹತ್ತಿರ ಹುಟ್ಟಿದ ಬಡಿತ ಬ್ಲಾಕಿನಲ್ಲಿ ಹರಿದು ಬಂದು, ಮುಂದಿನ ತೆಳು ಕವರನ್ನು ನಡುಗಿಸಿ ಅಲ್ಲಿಂದ ಹೊರಗೆ ಬರುತ್ತದೆ. ನಮ್ಮ ಎರಡು ಕಿವಿಗಳು ದಿಕ್ಕು ಹಿಡಿಯುವುದು ಒಂದು ಕಿವಿಗೂ ಇನ್ನೊಂದಕ್ಕೂ ಶಬ್ದ ಮುಟ್ಟುವ ಸಮಯದ ವ್ಯತ್ಯಾಸದಿಂದ. ಆ ವ್ಯತ್ಯಾಸ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಬಾನೆಟ್ಟು, ರೇಡಿಯೇಟರ್, ಎದುರಿನ ಗೋಡೆ ಇವಕ್ಕೆಲ್ಲ ಬಡಿದು ವಾಪಸು ಬರುವ ಶಬ್ದದಲ್ಲಿ ಆ ಲೆಕ್ಕ ತಪ್ಪಿಹೋಗುತ್ತದೆ. ಹಾಗಾಗಿ ಬಾನೆಟ್ ಎತ್ತಿ ನಿಂತು "ಇಲ್ಲಿಂದ ಬರ್ತಿದೆ" ಅಂತ ಬೆರಳು ತೋರಿಸಬೇಡಿ.

ನನಗೆ ಕೆಲಸ ಕಲಿಸಿದ ಉಸ್ತಾದ್ ಹತ್ತಿರ ಒಂದು ಉದ್ದನೆಯ, ಮರದ ಹಿಡಿಯ ಸ್ಕ್ರೂಡ್ರೈವರ್ ಇತ್ತು. ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಡಾಕ್ಟರರ ಸ್ಟೆತೊಸ್ಕೋಪಿನ ಕಥೆಯೂ ಇದೇ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯ ರೋಗಿಯ ಎದೆಗೆ ಕಾಗದದ ಸುರುಳಿ ಇಟ್ಟು ಇನ್ನೊಂದು ತುದಿಗೆ ಕಿವಿ ಕೊಟ್ಟ. ಹೃದಯದ ಬಡಿತ ಸ್ಪಷ್ಟವಾಗಿ ಕೇಳಿತು. ಆಮೇಲೆ ಮರದ ಕೊಳವೆ ಮಾಡಿಸಿಕೊಂಡ. ಆ ಕೊಳವೆ ಬಂದ ಮೇಲೆ ವೈದ್ಯರು ಎದೆಯ ಒಂದೊಂದು ಜಾಗವನ್ನೂ ಬೇರೆ ಬೇರೆಯಾಗಿ ಕೇಳಲು ಕಲಿತರು, ಈ ಜಾಗಕ್ಕೂ ಆ ಜಾಗಕ್ಕೂ ಹೋಲಿಸಲು ಕಲಿತರು. ಸ್ಕ್ರೂಡ್ರೈವರನ್ನೂ ಹಾಗೆಯೇ ಬಳಸಬೇಕು. ಒಂದು ಕಡೆ ಇಟ್ಟು "ಹಾಂ, ಬಡಿತ ಇದೆ" ಅಂದರೆ ಪ್ರಯೋಜನವಿಲ್ಲ, ಬಡಿತ ಎಲ್ಲ ಕಡೆಯೂ ಇರುತ್ತದೆ. ಒಂದನೇ ನಾಝಲ್, ಎರಡನೇ ನಾಝಲ್, ಟ್ಯಾಪೆಟ್ ಕವರ್, ಬ್ಲಾಕಿನ ಪಕ್ಕ, ಚೇಂಬರ್, ಕರೆಂಟ್ ಮಾಡುವ ಡೈನಮೋ, ಹೀಗೆ ಹತ್ತು ಜಾಗ ಕೇಳಿ, ಎಲ್ಲಕ್ಕಿಂತ ಚುರುಕಾಗಿ ಎಲ್ಲಿ ಅಂತ ನೋಡಬೇಕು. ಅಂಗಿಯ ತೋಳು ಮಡಚಿ. ತಲೆಗೂದಲು, ಟವೆಲ್ಲು ಫ್ಯಾನಿಗೂ ಬೆಲ್ಟಿಗೂ ದೂರವಿರಲಿ. ಈ ಅಭ್ಯಾಸದಲ್ಲಿ ಬೆರಳು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಹೊಗೆ ಸೋರಿಕೆ ಹುಡುಕಲು ಸ್ಕ್ರೂಡ್ರೈವರ್ ಬೇಡ, ಒಂದು ಮೀಟರ್ ರಬ್ಬರ್ ಪೈಪ್ ಸಾಕು. ಒಂದು ತುದಿ ಕಿವಿಯಲ್ಲಿ, ಇನ್ನೊಂದು ತುದಿಯನ್ನು ಜಾಯಿಂಟುಗಳ ಹತ್ತಿರ ಆಡಿಸುತ್ತಾ ಹೋಗಿ.

ಇನ್ನೊಂದು ಮಾತು. ಡೀಸೆಲ್ ಇಂಜಿನ್ನಿಗೆ ಅದರದೇ ಆದ ಒಂದು ಸಹಜ ಬಡಿತ ಇದೆ. ಪೆಟ್ರೋಲ್ ಇಂಜಿನ್ನಿನಂತೆ ಇಲ್ಲಿ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಬಿಸಿಗೆ ಡೀಸೆಲ್ ಸಿಂಪಡಿಸುತ್ತಾರೆ. ಸಿಂಪಡಿಸಿದ್ದು ಆ ಕ್ಷಣಕ್ಕೇ ಹೊತ್ತಿಕೊಳ್ಳುವುದಿಲ್ಲ, ಒಂದು ಚೂರು ತಡ. ಆ ತಡದಲ್ಲಿ ಸೇರಿಕೊಂಡ ಡೀಸೆಲ್ ಒಟ್ಟಿಗೇ ಹೊತ್ತಿದಾಗ ಬರುವುದೇ ಡೀಸೆಲ್ಲಿನ ಟಕಟಕ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಆ ತಡ ಹೆಚ್ಚು, ಆದ್ದರಿಂದ ಬಡಿತವೂ ಹೆಚ್ಚು. ಎಲ್ಲ ನಾಝಲ್ಲಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಈಗಿನ ಕಾಮನ್ ರೈಲ್ ಇಂಜಿನ್ನುಗಳು ಮುಖ್ಯ ಸಿಂಪಡಣೆಗೆ ಮುಂಚೆ ಒಂದು ಹನಿಯಷ್ಟನ್ನು ಮೊದಲು ಬಿಟ್ಟು ಬೆಂಕಿ ಸಿದ್ಧ ಮಾಡಿಕೊಳ್ಳುತ್ತವೆ, ಅದಕ್ಕೇ ಅವು ಮೆತ್ತಗೆ ಮಾತಾಡುತ್ತವೆ. ಹಳೇ ಪಂಪಿನ ಗಾಡಿ ಬಿಟ್ಟು ಹೊಸ ಗಾಡಿಗೆ ಬಂದವರಿಗೆ ಸಣ್ಣ ಶಬ್ದವೂ ದೊಡ್ಡದಾಗಿ ಕೇಳುವುದು ಈ ಕಾರಣಕ್ಕೆ. ಅದೇ ಮಾಡಲ್ಲಿನ ಚೆನ್ನಾಗಿರುವ ಇನ್ನೊಂದು ಗಾಡಿಯನ್ನು ಪಕ್ಕದಲ್ಲಿ ನಿಲ್ಲಿಸಿ ಕೇಳಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಖರ್ಚೂ ಇಲ್ಲ.

ಈಗ ತಾಳದ ವಿಷಯ. ಇದನ್ನು ನಾನು ಬಹಳ ಇಷ್ಟಪಟ್ಟು ಕಲಿಸುತ್ತಿದ್ದೆ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಒಂದು ಸುತ್ತು. ಐಡ್ಲಿಂಗ್ ನಿಮಿಷಕ್ಕೆ 800 ಸುತ್ತು ಇದೆ ಅಂದುಕೊಳ್ಳಿ. ಕ್ರ್ಯಾಂಕ್ ಸೆಕೆಂಡಿಗೆ 13 ಸುತ್ತು, ಕ್ಯಾಮ್ ಆರೂವರೆಯಿಂದ ಏಳು. ಒಂದು ಟ್ಯಾಪೆಟ್ ಸಡಿಲವಾಗಿದ್ದರೆ ಅದು ಕ್ಯಾಮಿನ ತಾಳದಲ್ಲಿ ಬಡಿಯುತ್ತದೆ. ಒಂದು ನಾಝಲ್ಲಿನ ಬಡಿತವೂ ಅದೇ ತಾಳ. ಕ್ರ್ಯಾಂಕಿಗೆ ಅಂಟಿಕೊಂಡದ್ದು, ಅಂದರೆ ಫ್ಲೈವೀಲ್ ಅಥವಾ ಕ್ರ್ಯಾಂಕ್ ಪುಲ್ಲಿ ಸಡಿಲವಾದರೆ ಸುತ್ತಿಗೊಮ್ಮೆಯಾದರೂ ಬಡಿಯುತ್ತದೆ. ಸೆಕೆಂಡಿಗೆ ಏಳು ಬಡಿತವನ್ನು ಅಭ್ಯಾಸವಿರುವ ಕಿವಿ ಬಿಡಿಬಿಡಿಯಾಗಿ ಹಿಡಿಯುತ್ತದೆ. ಹದಿಮೂರಾದರೆ ಬಡಿತಗಳು ಒಂದಕ್ಕೊಂದು ಅಂಟಿಕೊಂಡು ಗಡಗಡ ಅನ್ನಿಸುತ್ತದೆ. ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಶಬ್ದವನ್ನು ರೆಕಾರ್ಡ್ ಮಾಡಿ, ವೇಗವನ್ನು ನಾಲ್ಕನೇ ಒಂದು ಭಾಗಕ್ಕೆ ಇಳಿಸಿ ಕೇಳಿ. ಬೆರಳು ಮಡಚಿ ಎಣಿಸಬಹುದು. ನನ್ನ ಕಾಲದಲ್ಲಿ ಈ ಸೌಕರ್ಯ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹೆಡ್ಡುಗಳನ್ನು ಸುಮ್ಮನೆ ಇಳಿಸುವುದು ತಪ್ಪುತ್ತಿತ್ತು.

ತಾಳ ಆದ ಮೇಲೆ ಬಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಎರಡು ಮೂರು ಸೆಕೆಂಡು ಮಾತ್ರ ಗಲಗಲ ಅಂದು ನಿಂತರೆ ಆಯಿಲ್ ಮೇಲಕ್ಕೆ ಮುಟ್ಟಲು ತಡವಾಗುತ್ತಿದೆ ಅಂತ ಅರ್ಥ. ಚೈನನ್ನು ಬಿಗಿ ಹಿಡಿಯುವ ಟೆನ್ಷನರಿನಲ್ಲಿ ಆಯಿಲ್ ಖಾಲಿಯಾಗಿರಬಹುದು. ಅಗ್ಗದ ಆಯಿಲ್ ಫಿಲ್ಟರ್ ಹಾಕಿದ್ದರೆ ಅದರೊಳಗಿನ ಸಣ್ಣ ರಬ್ಬರ್ ವಾಲ್ವ್ ರಾತ್ರಿಯೆಲ್ಲ ಆಯಿಲ್ ಕೆಳಗೆ ಇಳಿಯಲು ಬಿಟ್ಟಿರಬಹುದು. ಇಂಜಿನ್ ಬಿಚ್ಚುವ ಮುಂಚೆ ಒಳ್ಳೆಯ ಫಿಲ್ಟರ್ ಹಾಕಿ ಒಂದು ವಾರ ನೋಡಿ. ತಣ್ಣಗಿದ್ದಾಗ ಬಡಿದು ಕಾದ ಮೇಲೆ ಕಮ್ಮಿಯಾದರೆ ಪಿಸ್ಟನ್ ಮತ್ತು ಬೋರಿನ (ಸಿಲಿಂಡರಿನ ಒಳಗೋಡೆಯ) ನಡುವೆ ಸಂದು ಬಿದ್ದಿರಬಹುದು. ತಣ್ಣಗಿದ್ದಾಗ ಇಲ್ಲದೆ, ಕಾದು ಆಯಿಲ್ ತೆಳುವಾದ ಮೇಲೆ ಬಂದರೆ ಎಚ್ಚರ, ಬೇರಿಂಗಿನ ಮೇಲೆ ಅನುಮಾನ ಬರಬೇಕು.

ಒಳಗಿನದೋ ಹೊರಗಿನದೋ ಅಂತ ತಿಳಿಯಲು ಹಳಬರು ಮಾಡುತ್ತಿದ್ದ ಪರೀಕ್ಷೆ ನಾಝಲ್ ಕಟ್. ಹಳೇ ಪಂಪಿನ ಇಂಜಿನ್ನಿನಲ್ಲಿ ಒಂದೊಂದೇ ನಾಝಲ್ ಪೈಪಿನ ನಟ್ ಸಡಿಲಿಸುತ್ತಿದ್ದೆವು. ಆ ಸಿಲಿಂಡರ್ ಸಾಯುತ್ತದೆ, ಅದರ ಪಿಸ್ಟನ್ನಿನ ಮೇಲೆ ಬೀಳುವ ಪೆಟ್ಟು ನಿಲ್ಲುತ್ತದೆ. ಶಬ್ದವೂ ಅದರ ಜೊತೆ ಇಳಿದರೆ ರೋಗ ಆ ಸಿಲಿಂಡರಿನಲ್ಲಿದೆ. ಬಹಳ ಒಳ್ಳೆಯ ಪರೀಕ್ಷೆ. ಆದರೆ ದಯವಿಟ್ಟು ಗಮನವಿಟ್ಟು ಕೇಳಿ: ಕಾಮನ್ ರೈಲ್ ಇಂಜಿನ್ನಿನಲ್ಲಿ ಓಡುತ್ತಿರುವಾಗ ಯಾವ ಕಾರಣಕ್ಕೂ ಆ ನಟ್ ಮುಟ್ಟಬೇಡಿ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್. ಕಾಮನ್ ರೈಲಿನಲ್ಲಿ ಐಡ್ಲಿಂಗಿನಲ್ಲೇ ನೂರಾರು ಬಾರ್, ರೇಸ್ ಮಾಡಿದರೆ 1600, ಅದಕ್ಕೂ ಮೇಲೆ. ಸೂಜಿಯಂತೆ ಹಾರುವ ಆ ಡೀಸೆಲ್ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಹೊರಗೆ ಒಂದು ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ಆ ಹೊತ್ತಿಗೆ ನೋವೂ ಹೆಚ್ಚಿರುವುದಿಲ್ಲ. ಒಳಗೆ ಕೈ ಕೊಳೆಯಲು ಶುರುವಾಗಿರುತ್ತದೆ. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರಬೇಡಿ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ ಏನಾಯಿತೆಂದು ಸ್ಪಷ್ಟವಾಗಿ ಹೇಳಿ. ಹೊಸ ಇಂಜಿನ್ನಿನಲ್ಲಿ ಇದೇ ಪರೀಕ್ಷೆಯನ್ನು ಸ್ಕ್ಯಾನರ್ ಹಾಕಿ, ಒಂದೊಂದೇ ನಾಝಲ್ ಆಫ್ ಮಾಡಿ ನೋಡಬೇಕು.

ಇನ್ನು ಹೊರಗಿನ ವಸ್ತುಗಳು. ಒಳಗಿನ ರೋಗದ ವೇಷ ಹಾಕಿಕೊಂಡು ಬರುವವು ಇವೇ. ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸ್ವಲ್ಪ ಬಿಟ್ಟಿದ್ದರೆ ಟ್ಯಾಪೆಟ್ಟಿನ ಹಾಗೇ ಟಿಕ್ ಟಿಕ್ ಅನ್ನುತ್ತದೆ. ಲೋಹ ಕಾದು ಹಿಗ್ಗಿದ ಮೇಲೆ ಸಂದು ಮುಚ್ಚಿಕೊಂಡು ಶಬ್ದವೂ ನಿಲ್ಲುತ್ತದೆ. ಆ ಜಾಗದಲ್ಲಿ ಮಸಿಯ ಗೀಟು ಇರುತ್ತದೆ, ಟಾರ್ಚ್ ಹಾಕಿ ನೋಡಿ. ನಾಝಲ್ಲಿನ ತಾಮ್ರದ ವಾಷರ್ ಬಿಟ್ಟಿದ್ದರೆ ಚಸ್ ಚಸ್, ಜೊತೆಗೆ ನಾಝಲ್ ಸುತ್ತ ಡಾಂಬರಿನಂಥ ಕಪ್ಪು. ಸೈಲೆನ್ಸರಿನ ಮೇಲಿನ ಶಾಖ ತಡೆಯುವ ತಗಡು ಒಂದು ಬೋಲ್ಟ್ ಕಳೆದುಕೊಂಡರೆ ಒಂದೇ ಒಂದು ವೇಗದಲ್ಲಿ ಖಣಖಣ ಅನ್ನುತ್ತದೆ. ಆ ವೇಗದ ಮೇಲೂ ಇಲ್ಲ, ಕೆಳಗೂ ಇಲ್ಲ. ಇಂಜಿನ್ ತಣ್ಣಗಾದ ಮೇಲೆ, ಗಡಿಗೆ ಕೊಳ್ಳುವಾಗ ತಟ್ಟುತ್ತೀರಲ್ಲ, ಹಾಗೆ ಬೆರಳ ಗಿಣ್ಣಿನಿಂದ ತಟ್ಟುತ್ತಾ ಹೋಗಿ.

ಕ್ಲಚ್ ಒತ್ತಿ ನೋಡಿ. ಒತ್ತಿದಾಗ ಶಬ್ದ ಹೋದರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗೋ ಕ್ಲಚ್ ಪ್ಲೇಟೋ. ಒತ್ತಿದಾಗ ಬಂದರೆ ರಿಲೀಸ್ ಬೇರಿಂಗ್. ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಟ್ಟು ನೋಡಿ. ಬ್ರೇಕಿಗೂ ಇಂಜಿನ್ ಶಬ್ದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಡೀಸೆಲ್ ಇಂಜಿನ್ನಿನಲ್ಲಿ ಬ್ರೇಕ್ ಒತ್ತಲು ಬಲ ಕೊಡುವ ಬೂಸ್ಟರಿಗೆ ವ್ಯಾಕ್ಯೂಮ್ ಕೊಡಲು ಬೇರೆ ಪಂಪ್ ಬೇಕು. ಅನೇಕ ಗಾಡಿಗಳಲ್ಲಿ ಅದು ಡೈನಮೋದ ಬೆನ್ನಿಗೇ ಅಂಟಿಕೊಂಡಿರುತ್ತದೆ. ಅದಕ್ಕೆ ಇಂಜಿನ್ನಿನಿಂದ ಆಯಿಲ್ ಹೋಗುವ ಸಣ್ಣ ಪೈಪ್ ಕಟ್ಟಿಕೊಂಡರೆ ಒಳಗಿನ ರೆಕ್ಕೆಗಳು ಒಣಗಿ ಟಕಟಕ ಬಡಿಯುತ್ತವೆ. ಬ್ರೇಕ್ ಒತ್ತಿದಾಗ ಪಂಪಿನ ಮೇಲಿನ ಭಾರ ಬದಲಾಗಿ ಶಬ್ದವೂ ಬದಲಾಗುತ್ತದೆ. ಇಲ್ಲಿ ನಾವು ಮಾಡುತ್ತಿರುವುದು ಇಷ್ಟೇ: ಒಂದನ್ನು ಬದಲಾಯಿಸಿ, ಶಬ್ದ ಬದಲಾಯಿತೇ ಅಂತ ಕೇಳುವುದು. ಒಂದೇ ಸಲಕ್ಕೆ ಎರಡು ಬದಲಾಯಿಸಬೇಡಿ.

ಬೆಲ್ಟ್ ಬಿಚ್ಚಿ ಸ್ಟಾರ್ಟ್ ಮಾಡುವ ಪರೀಕ್ಷೆ ನಿಮಗೆಲ್ಲ ಗೊತ್ತು. ಶಬ್ದ ನಿಂತರೆ ಡೈನಮೋ, ಐಡ್ಲರ್, ವಾಟರ್ ಪಂಪ್ ಇವುಗಳಲ್ಲಿ ಒಂದು. ವಾಟರ್ ಪಂಪ್ ಆ ಬೆಲ್ಟಿನಲ್ಲೇ ಇದ್ದರೆ ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಬೆಲ್ಟ್ ಇಲ್ಲದೆ ಗಾಡಿಯನ್ನು ಅಂಗಳದಿಂದಲೂ ಹೊರಗೆ ತೆಗೆಯಬೇಡಿ. ಡೈನಮೋ ತಿರುಗದಿದ್ದರೆ ವ್ಯಾಕ್ಯೂಮ್ ಇಲ್ಲ, ಬ್ರೇಕ್ ಕಲ್ಲಾಗುತ್ತದೆ.

ಈಗ ನಮ್ಮ ಹುಡುಗನ ಗಾಡಿಗೆ ಬರೋಣ. ಬೆಲ್ಟ್ ಪರೀಕ್ಷೆಯನ್ನು ಮೂರನೆಯ ಮೇಸ್ತ್ರಿ ಮಾಡಿದ್ದರಂತೆ. ಬೆಲ್ಟ್ ತೆಗೆದಾಗ ಶಬ್ದ ಹೋಗಲಿಲ್ಲ, ಇನ್ನೂ ಜಾಸ್ತಿಯಾಯಿತು. ಹಾಗಾದರೆ ಒಳಗಿನದೇ ಅಂತ ತೀರ್ಮಾನ ಮಾಡಿದರು. ನಾನು ಕ್ಲಚ್ ಒತ್ತಿಸಿದೆ, ಬದಲಾವಣೆ ಇಲ್ಲ. ಬ್ರೇಕ್ ಒತ್ತಿಸಿದೆ, ಇಲ್ಲ. ಸ್ನೇಹಿತರೊಬ್ಬರ ಸ್ಕ್ಯಾನರ್ ತರಿಸಿ ಒಂದೊಂದೇ ನಾಝಲ್ ಆಫ್ ಮಾಡಿದೆ. ಒಂದನೆಯದು ಆಫ್ ಮಾಡಿದರೂ ಶಬ್ದ ಜಾಸ್ತಿ, ಎರಡನೆಯದಕ್ಕೂ ಜಾಸ್ತಿ, ಮೂರು, ನಾಲ್ಕು, ಎಲ್ಲಕ್ಕೂ ಜಾಸ್ತಿ. ಇಲ್ಲಿ ನಾನು ನಿಂತು ಯೋಚಿಸಿದೆ. ಬೇರಿಂಗೋ ಪಿಸ್ಟನ್ನೋ ಆಗಿದ್ದರೆ ಯಾವುದೋ ಒಂದಕ್ಕೆ ಶಬ್ದ ಇಳಿಯಬೇಕಿತ್ತು. ಎಲ್ಲದಕ್ಕೂ ಏರುತ್ತಿದೆ ಅಂದರೆ ಇದು ಯಾವ ಸಿಲಿಂಡರಿಗೂ ಸೇರಿದ್ದಲ್ಲ. ಸಿಲಿಂಡರ್ ಒಂದು ಸತ್ತಾಗ ಕ್ರ್ಯಾಂಕ್ ಕುಂಟುತ್ತಾ ತಿರುಗುತ್ತದೆ, ಆ ಕುಂಟಿಗೆ ಏನೋ ಅಲ್ಲಾಡುತ್ತಿದೆ. ಕ್ರ್ಯಾಂಕಿನ ಮೇಲೇ ಕೂತಿರುವ ಏನೋ. ರೇಸ್ ಮಾಡಿದಾಗ ಹೋಗುವುದೂ ಅದಕ್ಕೇ, ವೇಗ ಹೆಚ್ಚಿದಂತೆ ತಿರುಗುವಿಕೆ ಸಮನಾಗುತ್ತದೆ.

ಆಗ ಅವನ ಮಾತು ನೆನಪಾಯಿತು. ರಾತ್ರಿ ಏನು ಬೇರೆ? ಕತ್ತಲು ಬೇರೆ, ತಂಪು ಬೇರೆ. ಇನ್ನೇನು? "ಹೆಡ್‌ಲೈಟ್ ಹಾಕಪ್ಪ" ಅಂದೆ. ಮಧ್ಯಾಹ್ನ ಎರಡು ಗಂಟೆ ಬಿಸಿಲು. ಹಾಕಿದ. ಶಬ್ದ ಅರ್ಧಕ್ಕೆ ಇಳಿಯಿತು. ಆಫ್ ಮಾಡಿಸಿದೆ, ಮತ್ತೆ ಕಟಕಟ. ಬ್ಲೋಯರ್ ಕೂಡ ಹಾಕಿಸಿದೆ, ಇನ್ನೂ ಇಳಿಯಿತು. ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಹೆಡ್‌ಲೈಟ್ ಹಾಕಿದರೆ ಡೈನಮೋಗೆ ಭಾರ. ಆ ಭಾರ ಬೆಲ್ಟಿನ ಮೂಲಕ ಕ್ರ್ಯಾಂಕ್ ಪುಲ್ಲಿಯನ್ನು ಎಳೆದು ಹಿಡಿಯುತ್ತದೆ. ಬೆಲ್ಟ್ ತೆಗೆದಾಗ ಹಿಡಿಯುವವರೇ ಇಲ್ಲ, ಅದಕ್ಕೇ ಶಬ್ದ ಜಾಸ್ತಿಯಾಗಿದ್ದು. ಬೆಲ್ಟ್ ಪರೀಕ್ಷೆ ಬೆಲ್ಟ್ ತಿರುಗಿಸುವ ವಸ್ತುಗಳನ್ನೆಲ್ಲ ಪಟ್ಟಿಯಿಂದ ತೆಗೆಯುತ್ತದೆ, ಆದರೆ ಬೆಲ್ಟನ್ನು ತಿರುಗಿಸುವ ಪುಲ್ಲಿ ಅಲ್ಲೇ ಉಳಿಯುತ್ತದೆ. ಮೂರನೆಯ ಮೇಸ್ತ್ರಿ ಎಡವಿದ್ದು ಇಲ್ಲಿ. ಯಾರಾದರೂ ಎಡವಬಹುದಾದ ಜಾಗ ಇದು.

ಈ ಪುಲ್ಲಿ ಒಂದೇ ಲೋಹದ ತುಂಡಲ್ಲ. ನಡುವೆ ಒಂದು ಗುಂಬ, ಹೊರಗೆ ಭಾರದ ಬಳೆ, ಎರಡರ ನಡುವೆ ರಬ್ಬರ್. ಪ್ರತಿ ಸಿಲಿಂಡರ್ ಹೊತ್ತಿದಾಗಲೂ ಕ್ರ್ಯಾಂಕಿಗೆ ಒಂದು ತಿರುಚು ಪೆಟ್ಟು ಬೀಳುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಪ್ರತಿ ಸುತ್ತಿನಲ್ಲೂ ಎರಡು. ಅಷ್ಟು ದಪ್ಪದ ಕ್ರ್ಯಾಂಕ್ ಕೂಡ ಸ್ವಲ್ಪ ತಿರುಚಿ ಮತ್ತೆ ನೆಟ್ಟಗಾಗುತ್ತದೆ. ಆ ಕಂಪನವನ್ನು ನುಂಗಲು ಈ ರಬ್ಬರ್. ಅವನ ಗಾಡಿಯಲ್ಲಿ ಮುಂದಿನ ಆಯಿಲ್ ಸೀಲ್ ಬಹಳ ದಿನದಿಂದ ಜಿನುಗುತ್ತಿತ್ತು. ಆಯಿಲ್ ಕುಡಿದು, ಬಿಸಿಗೆ ಬೆಂದು ರಬ್ಬರ್ ಬಿಟ್ಟುಕೊಂಡಿತ್ತು. ಹೊರಗಿನ ಬಳೆ ಗುಂಬದ ಮೇಲೆ ಅಲ್ಲಾಡುತ್ತಿತ್ತು.

ಅನುಮಾನವನ್ನು ನಂಬಿ ಬಿಚ್ಚುವುದಲ್ಲ, ರುಜುವಾತು ಬೇಕು. ಇಂಜಿನ್ ಆಫ್ ಮಾಡಿಸಿ ಬಿಳಿ ಪೇಂಟಿನಿಂದ ಗುಂಬದಿಂದ ರಬ್ಬರ್ ದಾಟಿ ಹೊರಬಳೆಯವರೆಗೆ ಒಂದೇ ನೇರ ಗೀಟು ಎಳೆದೆ. ಐದು ನಿಮಿಷ ಓಡಿಸಿ ನಾಲ್ಕು ಸಲ ರೇಸ್ ಮಾಡಿಸಿ ನಿಲ್ಲಿಸಿದೆ. ಗುಂಬದ ಗೀಟು ಒಂದು ಕಡೆ, ಬಳೆಯ ಗೀಟು ಎರಡು ಬೆರಳು ಆಚೆ. ಹೊಸ ಪುಲ್ಲಿ, ಹೊಸ ಆಯಿಲ್ ಸೀಲ್, ಕೂಲಿ ಎಲ್ಲ ಸೇರಿ 8,000 ರೂಪಾಯಿ ದಾಟಲಿಲ್ಲ. ಮಾರನೆಯ ದಿನ ಅವನು ಮಂಡಿಗೆ ಹೋದ. ಹಾಗೇ ಓಡಿಸಿದ್ದರೆ ಒಂದು ದಿನ ಆ ಬಳೆ ಕಳಚಿ ರೇಡಿಯೇಟರಿಗೆ ನುಗ್ಗುತ್ತಿತ್ತು.

ಈ ಕಥೆ ಹೇಳಿ ನಿಲ್ಲಿಸಿದರೆ ಎಲ್ಲ ಶಬ್ದವೂ ಹೊರಗಿನದೇ, ಅಗ್ಗದ್ದೇ ಅಂತ ನಿಮಗೆ ಅನ್ನಿಸಬಹುದು. ಹಾಗಾಗಬಾರದು. ಅದಕ್ಕೆ ಇನ್ನೊಂದನ್ನೂ ಹೇಳಬೇಕು.

ಬಹಳ ವರ್ಷಗಳ ಹಿಂದೆ, ಮದ್ರಾಸಿಗೆ ಮಾಲು ಒಯ್ಯುತ್ತಿದ್ದ ಹಿರಿಯರೊಬ್ಬರು ಬೆಳಿಗ್ಗೆ ಆರಕ್ಕೆ ಗಾಡಿ ತಂದರು. ಹಳೇ ಪಂಪಿನ ಇಂಜಿನ್. ಆಗ ತಾನೇ ಸ್ಟಾರ್ಟ್ ಮಾಡಿದ್ದರು. ನಾನು ಎರಡು ನಿಮಿಷ ಕೇಳಿದೆ. ಸಣ್ಣಗೆ ಟಿಕ್ ಟಿಕ್. "ಟ್ಯಾಪೆಟ್ ಅಣ್ಣ, ಹೋಗಿ ಬನ್ನಿ, ಬಂದ ಮೇಲೆ ಸೆಟ್ ಮಾಡಿಕೊಡ್ತೀನಿ" ಅಂದೆ. "ಏರು ಹತ್ತುವಾಗ ಬೇರೆ ಥರ ಬಡಿಯುತ್ತೆ ಕಣಪ್ಪ" ಅಂದರು. ನಾನು ಆ ಮಾತಿನ ಮೇಲೆ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ವಾಪಸು ಬರುವಾಗ ಪಲಮನೇರಿಗೆ ಮುಂಚೆ ಮೊಗಿಲಿ ಘಾಟಿನ ಏರಿನಲ್ಲಿ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದು ಹೊರಗೆ ಬಂತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ರಾತ್ರಿಯೆಲ್ಲ ರಸ್ತೆ ಬದಿಯಲ್ಲಿ ಕೂತಿದ್ದರು. ಆ ಇಂಜಿನ್ ಗುಜರಿಗೆ ಹೋಯಿತು. ಆಮೇಲೆ ಅವರು ಸ್ವಂತ ಗಾಡಿ ಇಟ್ಟುಕೊಳ್ಳಲಿಲ್ಲ, ಬೇರೆಯವರ ಗಾಡಿಗೆ ಸಂಬಳಕ್ಕೆ ಹೋದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದು ನನಗೆ ಇವತ್ತಿಗೂ ನೋವು.

ನಾನು ಕೇಳಿದ ಟ್ಯಾಪೆಟ್ ಶಬ್ದ ಸುಳ್ಳಲ್ಲ, ಅದೂ ಇತ್ತು. ಅದರ ಕೆಳಗೆ ಇನ್ನೊಂದು ಇತ್ತು. ಅದು ಕಾದ ಮೇಲೆ, ಭಾರ ಬಿದ್ದ ಮೇಲೆ ಮಾತ್ರ ಬರುವಂಥದ್ದು. ತಣ್ಣಗಿನ ಇಂಜಿನ್ನನ್ನು ಐಡ್ಲಿಂಗಿನಲ್ಲಿ ಎರಡು ನಿಮಿಷ ಕೇಳಿದವನಿಗೆ ಅದು ಸಿಕ್ಕುವುದಿಲ್ಲ. ಏನು ಮಾಡಬೇಕಿತ್ತು? ಅವರ ಪಕ್ಕ ಕೂತು, ಇಂಜಿನ್ ಚೆನ್ನಾಗಿ ಕಾಯುವವರೆಗೆ ಹತ್ತು ಕಿಲೋಮೀಟರ್ ಹೋಗಿಬರಬೇಕಿತ್ತು. ಬಿಗ್ ಎಂಡ್ ಹೋಗುತ್ತಿರುವಾಗ ಇಂಜಿನ್ ಕಾದ ಮೇಲೆ, ನಿಮಿಷಕ್ಕೆ 2000 ಸುತ್ತಿನ ಆಸುಪಾಸಿನಲ್ಲಿ ಹಿಡಿದಿಟ್ಟು ಆಕ್ಸಿಲೇಟರಿನಿಂದ ತಟ್ಟನೆ ಕಾಲು ತೆಗೆದಾಗ ಬಡಿತ ಎದ್ದು ಕೇಳುತ್ತದೆ. ಕಾದ ಐಡ್ಲಿಂಗಿನಲ್ಲಿ ಆಯಿಲ್ ಲೈಟ್ ಮಿಣುಕುತ್ತಿತ್ತೇ ಅಂತ ಕೇಳಬೇಕಿತ್ತು. ಹಳೇ ಇಂಜಿನ್, ನಾಝಲ್ ನಟ್ ಸಡಿಲಿಸಿ ಯಾವ ಸಿಲಿಂಡರ್ ಅಂತ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಆಯಿಲ್ ಇಳಿಸಿ, ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದವನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಆಯಸ್ಕಾಂತ ಹಿಡಿಯಬೇಕಿತ್ತು. ಬೇರಿಂಗಿನ ಒಳಪದರ ತಾಮ್ರ, ಸೀಸದಂಥ ಮೆತ್ತನೆಯ ಲೋಹ. ಆಯಸ್ಕಾಂತಕ್ಕೆ ಅಂಟದೆ, ತಾಮ್ರದ ಬಣ್ಣಕ್ಕೆ ಹೊಳೆಯುವ ಚೂರುಗಳು ಸಿಕ್ಕರೆ ಬೇರಿಂಗ್ ಸವೆದು ಕೊನೆಗೆ ಬಂದಿದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರಬೇಕಾದ ಸಂದು ಒಂದು ತಲೆಗೂದಲಿನ ದಪ್ಪಕ್ಕೂ ಸಾಲದು. ಅದು ಎರಡು ಪಟ್ಟಾದರೆ ಸಾಕು, ಆಯಿಲ್ ನಿಲ್ಲುವುದಿಲ್ಲ. ಆ ಸ್ಥಿತಿಯಲ್ಲಿ "ಮನೆವರೆಗೆ ನಿಧಾನಕ್ಕೆ ಹೋಗ್ತೀನಿ" ಅನ್ನುವ ಚಾಲಕರನ್ನು ಬಿಡಬೇಡಿ. ಇಂಜಿನ್ ಆಫ್ ಮಾಡಿಸಿ, ಹಗ್ಗ ಕಟ್ಟಿ ಎಳೆಸಿ. ಅಲ್ಲಿಗೇ ನಿಲ್ಲಿಸಿದರೆ ಬೇರಿಂಗ್, ಹೆಚ್ಚೆಂದರೆ ಕ್ರ್ಯಾಂಕ್ ಗ್ರೈಂಡಿಂಗ್. ಮನೆವರೆಗೆ ಬಿಟ್ಟರೆ ಇಡೀ ಇಂಜಿನ್.

ಆ ಹುಡುಗನ ಹಳೇ ಪುಲ್ಲಿ ಇಲ್ಲಿದೆ. ಅವನೇ ಕೊಟ್ಟ, ಮಕ್ಕಳಿಗೆ ತೋರಿಸಿ ಸಾರ್ ಅಂತ. ಕೈಯಿಂದ ಕೈಗೆ ದಾಟಿಸುತ್ತಾ ಹೋಗಿ. ಬಿಳಿ ಗೀಟು ಇನ್ನೂ ಇದೆ. ನಡುವಿನ ಗುಂಬ ಒಂದು ಕೈಲಿ ಹಿಡಿದು ಹೊರಬಳೆಯನ್ನು ಅಲ್ಲಾಡಿಸಿ, ಅದೇ ಕಟಕಟ ಕೇಳುತ್ತದೆ.

ಹೊರಗೆ ಷೆಡ್ಡಿನಲ್ಲಿ ಇನ್ನೊಂದು ಪಿಕಪ್ ನಿಂತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಲಗಲ ಅನ್ನುತ್ತೆ ಅಂತ ತಂದಿದ್ದಾರೆ. ನಾನಿನ್ನೂ ಕೇಳಿಲ್ಲ. ಎಲ್ಲರೂ ಬನ್ನಿ. ಬಾನೆಟ್ ಸದ್ಯಕ್ಕೆ ಎತ್ತುವುದು ಬೇಡ. ಗಾಡಿಯವರು ಟೀ ಕುಡಿಯಲು ಹೋಗಿದ್ದಾರೆ, ಅವರು ಬಂದು ಕೂತ ಮೇಲೆ ಶುರು ಮಾಡೋಣ.